ದೇವರ ಸ್ವರಕ್ಕೆ ಹೃದಯ ತೆರೆಯುವುದು ಹೇಗೆ? ಗುರುವಾರದ ಪ್ರಾರ್ಥನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯಲ್ಲಿ ಗುರುವಾರ ಸಂಜೆ ಪ್ರಾರ್ಥನೆ ನಡೆಯುತ್ತದೆ. ಹನ್ನೆರಡು ಹದಿನೈದು ಜನ ಸೇರುತ್ತೇವೆ. ಗುಳೇದಗುಡ್ಡದ ಕಡೆಯ ನೇಕಾರರು ಇದ್ದಾರೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿದ್ದಾರೆ, ಕಾಲೇಜು ಹುಡುಗರೂ ಬರುತ್ತಾರೆ. ಪ್ರಾರ್ಥನೆ ಮುಗಿದು ಚಹಾ ಕೈಗೆ ಬಂದ ಮೇಲೆಯೇ ನಿಜವಾದ ಪ್ರಶ್ನೆಗಳು ಹೊರಗೆ ಬರುವುದು. ನಾನು ಪಾಸ್ಟರ್ ಅಲ್ಲ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಓದಿ, ತಪ್ಪು ಮಾಡಿ, ಮತ್ತೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ದೇವರ ಸ್ವರ ಅಂದರೆ ಕಿವಿಗೆ ಕೇಳಿಸುವ ಶಬ್ದವೇ?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕೆಲವರಿಗೆ ಹಾಗೆ ಕೇಳಿಸಿದೆ. ಬಾಲಕ ಸಮುವೇಲನಿಗೆ ರಾತ್ರಿ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಅವನು ಏನು ಮಾಡಿದ ಗೊತ್ತಲ್ವಾ? ಮುದುಕ ಯಾಜಕ ಏಲಿ ಕರೆದನೆಂದುಕೊಂಡು ಎದ್ದು ಅವನ ಬಳಿ ಓಡಿದ. ಒಂದು ಸಲ ಅಲ್ಲ, ಮೂರು ಸಲ. ದೇವಾಲಯದಲ್ಲೇ ಮಲಗುತ್ತಿದ್ದ ಹುಡುಗನಿಗೇ ದೇವರ ಸ್ವರದ ಗುರುತು ಸಿಗಲಿಲ್ಲ. ಏಲಿ ಹೇಳಿಕೊಟ್ಟ ಮೇಲೆ, ನಾಲ್ಕನೇ ಸಲ, "ಹೇಳು, ನಿನ್ನ ದಾಸ ಕೇಳುತ್ತಿದ್ದಾನೆ" ಎಂಬರ್ಥದ ಮಾತು ಅವನ ಬಾಯಲ್ಲಿ ಬಂತು (1 ಸಮುವೇಲ 3). ನಮಗೆ ಮೊದಲ ಸಲಕ್ಕೇ ಗೊತ್ತಾಗಲಿಲ್ಲ ಎಂದು ಕುಗ್ಗುವ ಕಾರಣವಿಲ್ಲ.

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ದೇವರ ಸ್ವರ ಬರುವುದು ಸತ್ಯವೇದದ ಓದಿನಿಂದ. ಓದುತ್ತಾ ಓದುತ್ತಾ ಒಂದು ಮಾತು ಬಂದು ಮನಸ್ಸಿಗೆ ನಾಟುತ್ತದೆ. ಹತ್ತು ಸಲ ಓದಿದ ವಾಕ್ಯವೇ ಆಗಿರುತ್ತದೆ. ಅವತ್ತು ಮಾತ್ರ ಅದು ನಮ್ಮ ಹೆಸರು ಹಿಡಿದು ಕರೆದ ಹಾಗೆ ಇರುತ್ತದೆ. ನಾನು ದೇವರ ಸ್ವರ ಅನ್ನುವಾಗ ಮುಖ್ಯವಾಗಿ ಇದನ್ನೇ ಹೇಳುತ್ತಿದ್ದೇನೆ.

ಹೃದಯ ತೆರೆಯುವವರು ಯಾರು? ನಾವೋ, ದೇವರೋ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಅಪೊಸ್ತಲರ ಕೃತ್ಯಗಳು 16ರಲ್ಲಿ ಲುದ್ಯ ಎಂಬ ಹೆಂಗಸು ಬರುತ್ತಾಳೆ. ಥುವತೈರದವಳು. ಫಿಲಿಪ್ಪಿ ಪಟ್ಟಣದಲ್ಲಿ ನೇರಳೆ ಬಣ್ಣದ ಬಟ್ಟೆ ಮಾರುತ್ತಿದ್ದಳು. ಆ ಬಣ್ಣ ಆಗ ತುಂಬಾ ದುಬಾರಿ. ನಮ್ಮ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣದ ವ್ಯಾಪಾರ ನೋಡಿದವರಿಗೆ ಆಕೆಯ ಬದುಕು ಪರಿಚಯದ್ದೇ ಅನ್ನಿಸುತ್ತದೆ. ಬಣ್ಣ ನಿಲ್ಲುತ್ತದೋ ಇಲ್ಲವೋ, ಗಿರಾಕಿ ಕೊಡುತ್ತಾನೋ ಇಲ್ಲವೋ ಎಂಬ ಲೆಕ್ಕ ಯಾವಾಗಲೂ ತಲೆಯಲ್ಲಿ ಇರುವ ಹೆಂಗಸು. ಸಬ್ಬತ್ ದಿನ, ಅಂದರೆ ಯೆಹೂದ್ಯರ ವಿಶ್ರಾಂತಿಯ ದಿನ, ಹೊಳೆಯ ದಂಡೆಯಲ್ಲಿ ಹೆಂಗಸರ ಜೊತೆ ಕೂತು, ಯೇಸುಸ್ವಾಮಿಯ ಸುವಾರ್ತೆ ಸಾರಲು ಬಂದಿದ್ದ ಪೌಲನ ಮಾತು ಕೇಳುತ್ತಿದ್ದಳು. ಅಲ್ಲಿ ಬರೆದಿರುವುದು ಏನೆಂದರೆ, ಕರ್ತನು ಆಕೆಯ ಹೃದಯ ತೆರೆದನು.

ಆಕೆ ತೆರೆದಳು ಎಂದು ಬರೆದಿಲ್ಲ. ಆಕೆ ಮಾಡಿದ್ದು ಬಂದು ಕೂತದ್ದು, ಕಿವಿಗೊಟ್ಟದ್ದು. ಉಳಿದ ಕೆಲಸ ದೇವರದು. ಆಮೇಲೆ ಆಕೆ ತೆರೆದದ್ದು ತನ್ನ ಮನೆ. ಪೌಲನನ್ನೂ ಜೊತೆಗಾರರನ್ನೂ ಬಲವಂತ ಮಾಡಿ ಕರೆದುಕೊಂಡು ಹೋಗಿ ಇಳಿಸಿಕೊಂಡಳು.

ಪ್ರಕಟನೆ 3:20ರಲ್ಲಿ ಯೇಸುಸ್ವಾಮಿ ಬಾಗಿಲ ಹೊರಗೆ ನಿಂತು ತಟ್ಟುವ ಮಾತು ಇದೆ. ಕ್ಯಾಲೆಂಡರ್‌ಗಳಲ್ಲಿ ಆ ಚಿತ್ರ ನೋಡಿರುತ್ತೀರಿ. ಅದನ್ನು ದೇವರನ್ನು ಅರಿಯದವರಿಗೆ ಹೇಳಿದ ಮಾತು ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಆ ಮಾತು ಇರುವ ಪತ್ರ ಹೋದದ್ದು ಲವೊದಿಕೀಯ ಪಟ್ಟಣದ ಸಭೆಗೆ. ಅಂದರೆ ಪ್ರತಿ ವಾರ ಆರಾಧನೆಗೆ ಸೇರುತ್ತಿದ್ದ ವಿಶ್ವಾಸಿಗಳಿಗೆ. ಒಳಗೆ ಹಾಡು ನಡೆದಿದೆ, ಸ್ವಾಮಿ ಹೊರಗೆ ನಿಂತಿದ್ದಾನೆ. ಇದನ್ನು ಓದಿದಾಗಲೆಲ್ಲ ನನಗೆ ಎದೆ ಧಸಕ್ ಅನ್ನುತ್ತದೆ.

ನನ್ನ ಮನಸ್ಸು ಕಲ್ಲಾಗಿಬಿಟ್ಟಿದೆ. ಏನು ಕೇಳಿದರೂ ತಾಗುವುದಿಲ್ಲ.

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯ ಗೊತ್ತಿರಬೇಕು (ಮಾರ್ಕ 4). ಅದರಲ್ಲಿ ಬೀಜ ಅಂದರೆ ದೇವರ ಮಾತು, ನೆಲ ಅಂದರೆ ನಮ್ಮ ಮನಸ್ಸು. ಬೀಜ ದಾರಿಯ ಮೇಲೆ, ಬಂಡೆಯ ನೆಲದಲ್ಲಿ, ಮುಳ್ಳುಗಿಡಗಳಲ್ಲಿ, ಒಳ್ಳೆಯ ನೆಲದಲ್ಲಿ ಬಿತ್ತು. ಹುನಗುಂದದ ಕಡೆಯ ಒಬ್ಬ ರೈತರು ಇದನ್ನು ಕೇಳಿ, "ದಾರಿ ಮ್ಯಾಲ ಯಾಂವ ಬಿತ್ತತಾನ್ರಿ ಟೀಚರ್?" ಎಂದರು. ಸರಿಯಾದ ಪ್ರಶ್ನೆ. ನಮ್ಮಲ್ಲಿ ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುತ್ತಾರೆ, ಒಂದು ಕಾಳೂ ದಂಡವಾಗಬಾರದು. ಯೇಸುಸ್ವಾಮಿಯ ನಾಡಿನಲ್ಲಿ ಕೈಯಿಂದ ಎರಚುತ್ತಿದ್ದರು. ಆದ್ದರಿಂದ ದಾರಿಗೂ ಬೀಳುತ್ತಿತ್ತು, ಕಲ್ಲಿಗೂ ಬೀಳುತ್ತಿತ್ತು. ದೇವರು ಹಾಗೆ ಲೆಕ್ಕ ಇಡದೆ ಬಿತ್ತುತ್ತಾನೆ ಎಂದು ನನಗೆ ಆ ರೈತರ ಪ್ರಶ್ನೆಯಿಂದಲೇ ಹೊಳೆದದ್ದು. ಕಲ್ಲಾದ ಮನಸ್ಸಿಗೂ ಬೀಜ ಬರುತ್ತಲೇ ಇದೆ.

ಮತ್ತೆ, ನೆಲ ಹೇಗಿತ್ತೋ ಹಾಗೇ ಇರಬೇಕೆಂದಿಲ್ಲ. ಮಡ್ಡಿ ಹೊಲದ ಕಲ್ಲು ಆರಿಸಿ ಬದುವಿಗೆ ಹಾಕಿದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇಲ್ಲ! ಜಾಲಿ ಕಡಿದು, ಕರಿಕೆ ಕಿತ್ತು, ರಂಟೆ ಹೊಡೆದು ಹದ ಮಾಡುತ್ತಾರೆ. ಒಂದೇ ವರ್ಷಕ್ಕೆ ಆಗುವುದಿಲ್ಲ. ಕರಿಕೆಯಂತೂ ಒಂದು ಬೇರು ಉಳಿದರೆ ಮತ್ತೆ ಹಬ್ಬುತ್ತದೆ. ಯೇಸುಸ್ವಾಮಿ ಮುಳ್ಳು ಎಂದದ್ದು ಏನನ್ನು? ಬದುಕಿನ ಚಿಂತೆ, ಐಶ್ವರ್ಯದ ಮೋಸ, ಬೇರೆ ಬೇರೆ ಆಸೆಗಳು. ಕೊಲೆ, ಕಳ್ಳತನ ಅನ್ನಲಿಲ್ಲ ನೋಡಿ. ಸಾಲದ ಕಂತು, ಮಗಳ ಮದುವೆ, ಪಕ್ಕದ ಮನೆಯವರ ಹೊಸ ಗಾಡಿ ಇವೇ ಸಾಕು ಮಾತನ್ನು ಹೊಸಕಿ ಹಾಕಲು.

ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂದು ದೇವರೇ ಮಾತು ಕೊಟ್ಟಿದ್ದಾನೆ (ಯೆಹೆಜ್ಕೇಲ 36:26). "ನನ್ನದು ಕಲ್ಲಾಗಿದೆ" ಎಂದು ನಿಮಗೆ ನೋವಾಗುತ್ತಿದೆಯಲ್ಲ, ಆ ನೋವು ಕಲ್ಲಿಗೆ ಆಗುವುದಿಲ್ಲ.

ಕೇಳಿಸಿದ್ದು ದೇವರ ಸ್ವರವೋ, ನನ್ನ ಮನಸ್ಸಿನ ಮಾತೋ ಗೊತ್ತಾಗುವುದು ಹೇಗೆ?

ವಿಜಯಪುರದ ಗೋಳಗುಮ್ಮಟ ಹತ್ತಿದ್ದೀರಾ? 1656ರ ಹೊತ್ತಿಗೆ ಕಟ್ಟಿದ್ದು. ಮೇಲಿನ ಮೊಗಸಾಲೆಯಲ್ಲಿ ನಿಂತು ಕೂಗಿದರೆ ಸ್ವರ ಹಲವು ಸಲ ತಿರುಗಿ ಬರುತ್ತದೆ. ಎಷ್ಟು ಗಂಭೀರವಾಗಿ ಬರುತ್ತದೆ ಅಂದರೆ, ಯಾರೋ ದೊಡ್ಡವರು ಮೇಲಿಂದ ಮಾತಾಡಿದ ಹಾಗೆ. ಆದರೆ ಅದು ನಮ್ಮದೇ ಸ್ವರ. ಸಂಡೇ ಸ್ಕೂಲ್ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನನಗೆ ಹೆದರಿಕೆಯಾಯಿತು. ನಾನು ಪ್ರಾರ್ಥನೆಯಲ್ಲಿ ಎಷ್ಟು ಸಲ ನನ್ನ ಆಸೆಯನ್ನೇ ಕೂಗಿ, ಅದು ತಿರುಗಿ ಬಂದಾಗ ದೇವರ ಉತ್ತರ ಎಂದುಕೊಂಡಿದ್ದೇನೆ!

ನಾನು ಈಗ ನೋಡುವ ಗುರುತುಗಳು ಕೆಲವು ಇವೆ. ಮೊದಲನೆಯದು, ಅದು ಸತ್ಯವೇದಕ್ಕೆ ಹೊಂದುತ್ತದೆಯೇ? ಒಂದು ವಾಕ್ಯವನ್ನು ಕಿತ್ತುಕೊಂಡು ಹೊಂದಿಸುವುದಲ್ಲ, ಯೇಸುಸ್ವಾಮಿ ನಡೆದುಕೊಂಡ ರೀತಿಗೆ ಹೊಂದಬೇಕು. ಎರಡನೆಯದು, ಅದು ನನಗೆ ಇಷ್ಟವಿಲ್ಲದ್ದನ್ನೂ ಹೇಳುತ್ತದೆಯೇ? ಯಾವಾಗಲೂ ನಾನೇ ಸರಿ ಎಂದು ಹೇಳುವ ಸ್ವರ ಗುಮ್ಮಟದ್ದು. ಆಮೇಲೆ, ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂಬುದು.

ಈ ಕೊನೆಯದನ್ನು ಇಗ್ನೇಷಿಯಸ್ ಲೊಯೋಲಾರಿಂದ ಕಲಿಯಬೇಕು. ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆ ನಡೆಸುವ ಯೇಸುಸಭೆಯ ಗುರುಗಳ ಮೂಲಪುರುಷ ಇವರೇ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಮಲಗಿರಬೇಕಾಯಿತು. ಯುದ್ಧ, ಕೀರ್ತಿಯ ಕನಸು ಕಾಣುವಾಗ ಆ ಹೊತ್ತಿಗೆ ಖುಷಿಯಾಗುತ್ತಿತ್ತು, ಆಮೇಲೆ ಮನಸ್ಸು ಒಣಗುತ್ತಿತ್ತು. ಕ್ರಿಸ್ತನ ಹಾಗೆ, ಸಂತರ ಹಾಗೆ ಬದುಕುವ ಯೋಚನೆ ಮಾಡಿದಾಗ ಖುಷಿ ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವರು ಗಮನಿಸಿದರು. ನಾವೂ ಗಮನಿಸಬಹುದು. ಒಂದು ತೀರ್ಮಾನ ಮನಸ್ಸಿಗೆ ಬಂದರೆ ಅದನ್ನು ಎರಡು ಮೂರು ದಿನ ಇಟ್ಟು ನೋಡಿ. ಹಳಸುತ್ತದೋ, ಹಾಗೇ ಉಳಿಯುತ್ತದೋ?

ಇನ್ನು ಕುರಿಗಳ ಮಾತು. ತನ್ನ ಕುರಿಗಳು ತನ್ನ ಸ್ವರ ಕೇಳುತ್ತವೆ ಎಂದು ಯೇಸುಸ್ವಾಮಿ ಹೇಳಿದ್ದಾನೆ (ಯೋಹಾನ 10:27). ಹೊಳೆ ದಂಡೆಯಲ್ಲಿ ನೀರಿಗೆ ಬಂದ ಎರಡು ಹಿಂಡು ಕಲೆತುಹೋದರೂ, ಕುರುಬರು ಬಾಯಿ ಮಾಡಿ ಕರೆದಾಗ ತಮ್ಮ ತಮ್ಮವರ ಹಿಂದೆ ಹೋಗುತ್ತವೆ. ಆದರೆ ಮರಿಗೆ ಅದು ಮೊದಲ ದಿನವೇ ಗೊತ್ತಿರುವುದಿಲ್ಲ. ಮರಿ ತಾಯಿಯ ಹಿಂದೆ ಹೋಗುತ್ತದೆ, ತಾಯಿ ಕುರುಬನ ಹಿಂದೆ. ಹಾಗೇ ರೂಢಿಯಾಗುತ್ತದೆ. ಅದಕ್ಕೇ ಒಬ್ಬರೇ ಕೂತು ನಿರ್ಧಾರ ಮಾಡಬೇಡಿ. ಬಹಳ ವರ್ಷ ಆ ಸ್ವರದ ಹಿಂದೆ ನಡೆದ ಹಿರಿಯರಿಗೆ ಹೇಳಿ, ಕೇಳಿ.

"ದೇವರು ನಿನ್ನ ಬಗ್ಗೆ ನನಗೆ ಹೇಳಿದ್ದಾನೆ" ಎಂದು ಬೇರೆಯವರು ಬಂದರೆ?

ಪರೀಕ್ಷೆ ಮಾಡಿ. ಎಲ್ಲಾ ಆತ್ಮಗಳನ್ನು ನಂಬದೆ ಪರೀಕ್ಷಿಸಿ ಎಂದು 1 ಯೋಹಾನ 4:1ರಲ್ಲೇ ಇದೆ. ಬೆರೋಯ ಪಟ್ಟಣದವರು ಪೌಲನಂಥವನ ಮಾತನ್ನೂ ದಿನಾ ಶಾಸ್ತ್ರ ತೆಗೆದು ನೋಡಿ ಪರೀಕ್ಷಿಸಿದರು, ಅದಕ್ಕೆ ಅವರನ್ನು ಒಳ್ಳೆಯವರೆಂದು ಬರೆದಿದ್ದಾರೆ (ಅಪೊಸ್ತಲರ ಕೃತ್ಯಗಳು 17:11).

ಈ ಹುಡುಗನನ್ನೇ ಮದುವೆಯಾಗು, ಇಷ್ಟು ದುಡ್ಡು ಕೊಡು, ಮನೆಯವರಿಗೆ ಹೇಳಬೇಡ ಎಂಬ ಮಾತು ದೇವರ ಹೆಸರಲ್ಲಿ ಬಂದರೆ ಎದ್ದು ಬನ್ನಿ. ಹೆದರಿಸಿ ಅವಸರ ಮಾಡುವವರನ್ನು ನಂಬಬೇಡಿ. ಕುರುಬ ಮುಂದೆ ನಡೆಯುತ್ತಾನೆ, ಹಿಂದಿನಿಂದ ನಾಯಿ ಛೂ ಬಿಡುವುದಿಲ್ಲ.

ನಮ್ಮದು ಎರಡು ಖೋಲಿಯ ಮನೆ, ಆರು ಜನ. ಏಕಾಂತ ಎಲ್ಲಿಂದ ತರಲಿ?

ಹೆಣ್ಣುಮಕ್ಕಳೇ ಇದನ್ನು ಜಾಸ್ತಿ ಕೇಳುತ್ತಾರೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಮತ್ತಾಯ 6:6ರಲ್ಲಿದೆ. ಕೋಣೆ ಇದ್ದವರಿಗೆ ಸುಲಭ.

ಮೆಥೊಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿಯ ತಾಯಿ ಸುಸಾನಾ. ಹೆತ್ತದ್ದು 19 ಮಕ್ಕಳನ್ನು, ಅದರಲ್ಲಿ ಎಷ್ಟೋ ಮಕ್ಕಳನ್ನು ಎಳೆಯದರಲ್ಲೇ ಕಳೆದುಕೊಂಡಳು. ಪ್ರಾರ್ಥನೆಯ ಹೊತ್ತಿಗೆ ಅಡುಗೆ ಮಾಡುವಾಗ ಕಟ್ಟಿಕೊಳ್ಳುವ ಬಟ್ಟೆಯನ್ನೇ ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದಳಂತೆ. ಆಗ ಅಮ್ಮನನ್ನು ಮಾತಾಡಿಸಬಾರದೆಂದು ಮಕ್ಕಳಿಗೆ ಗೊತ್ತಿತ್ತು. ನಮ್ಮಲ್ಲಿ ಸೆರಗು ಇದೆಯಲ್ಲ. ಗುಳೇದಗುಡ್ಡದಲ್ಲಿ ನಮ್ಮ ಅಜ್ಜಿ ಮಗ್ಗದ ಕುಣಿಯಲ್ಲಿ ಕೂತಲ್ಲೇ ಸೆರಗು ಹೊದ್ದು ಐದು ನಿಮಿಷ ಕಣ್ಣು ಮುಚ್ಚುತ್ತಿದ್ದಳು. ಅಷ್ಟು ಹೊತ್ತು ಲಾಳಿಯ ಸದ್ದು ನಿಲ್ಲುತ್ತಿತ್ತು. ಆ ಮೌನ ನನಗೆ ಇನ್ನೂ ನೆನಪಿದೆ.

ಹತ್ತು ನಿಮಿಷ ಸಾಕು. ಬೆಳಗ್ಗೆ ರೊಟ್ಟಿ ಬಡಿಯುವ ಮುಂಚೆ ಆದರೆ ಒಳ್ಳೆಯದು. ಫೋನ್ ಇನ್ನೊಂದು ಖೋಲಿಯಲ್ಲಿ ಇರಲಿ. ಒಂದು ಸಣ್ಣ ಭಾಗ ತೆಗೆದುಕೊಂಡು ನಿಧಾನವಾಗಿ ಎರಡು ಸಲ ಓದಿ. ಮನಸ್ಸಿಗೆ ನಾಟಿದ ಒಂದು ಮಾತನ್ನು ಹಿಡಿದುಕೊಳ್ಳಿ. ಅದರ ಬಗ್ಗೆ ದೇವರ ಜೊತೆ ಮಾತಾಡಿ. ಆಮೇಲೆ ಸುಮ್ನೆ ಇರಿ. ಈ ಸುಮ್ಮನಿರುವುದೇ ಕಷ್ಟ. ನಾವು ಬೇಡಿಕೆಯ ಪಟ್ಟಿ ಓದಿ ಆಮೆನ್ ಅಂದು ಎದ್ದುಬಿಡುತ್ತೇವೆ, ಅಂಗಡಿಯವನಿಗೆ ಚೀಟಿ ಕೊಟ್ಟ ಹಾಗೆ.

ಸತ್ಯವೇದದ ಕನ್ನಡ ನನಗೆ ಗಟ್ಟಿ. ನಮ್ಮ ಭಾಷೆಯಲ್ಲಿ ಪ್ರಾರ್ಥಿಸಿದರೆ ನಡೆಯುತ್ತದೆಯೇ?

ನಡೆಯುತ್ತದೆ. ಯೇಸುಸ್ವಾಮಿಯ ಶಿಷ್ಯ ಪೇತ್ರನನ್ನು ಯೆರೂಸಲೇಮಿನ ಜನ ಗುರುತು ಹಿಡಿದದ್ದೇ ಅವನ ಮಾತಿನ ಧಾಟಿಯಿಂದ (ಮತ್ತಾಯ 26:73). ಗಲಿಲಾಯದ ಹಳ್ಳಿ ಮಾತು. ಯೇಸುಸ್ವಾಮಿ ಬೆಳೆದದ್ದೂ ಅದೇ ಸೀಮೆಯಲ್ಲಿ. "ತಲಿಥಾ ಕೂಮ್" (ಮಗಳೇ, ಏಳು), "ಅಬ್ಬಾ" (ಅಪ್ಪಾ) ಎಂಬ ಅವನ ಮನೆಮಾತನ್ನು ಮಾರ್ಕನು ಹಾಗೇ ಉಳಿಸಿದ್ದಾನೆ. "ಯಪ್ಪಾ, ನನಗ ಸಾಕಾಗೇತಿ" ಎಂದು ಪ್ರಾರ್ಥಿಸಿದರೆ ಅದು ಪೂರ್ತಿ ಪ್ರಾರ್ಥನೆ.

ಕನ್ನಡದಲ್ಲಿ ಇಡೀ ಸತ್ಯವೇದ ಮೊದಲು ಅಚ್ಚಾಗಿ ಮುಗಿದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ವರ್ಷಗಟ್ಟಲೆಯ ದುಡಿಮೆಯಿಂದ. ಆಮೇಲೆ ತಿದ್ದುಪಡಿಗಳಾದವು, ಸುಲಭ ಕನ್ನಡದ ಅನುವಾದಗಳೂ ಬಂದವು. ಅವನ್ನು ಓದಿ. ಓದಲು ಬಾರದವರು ಫೋನಿನಲ್ಲಿ ಕೇಳಿಸಿಕೊಳ್ಳಬಹುದು. ನಂಬಿಕೆ ಕೇಳುವುದರಿಂದ ಬರುತ್ತದೆ ಎಂದು ಪೌಲನೂ ಹೇಳಿದ್ದಾನೆ. ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ನಾನು ಮಾರ್ಕನ ಸುವಾರ್ತೆ ಕೊಡುತ್ತೇನೆ. 16 ಅಧ್ಯಾಯ, ಚಿಕ್ಕದು, ಓಡುತ್ತದೆ.

ಉಪವಾಸ ಮಾಡಲೇಬೇಕೇ?

ಮಾಡಿದರೆ ಒಳ್ಳೆಯದು, ಕಡ್ಡಾಯವಿಲ್ಲ. ಸಕ್ಕರೆ ಕಾಯಿಲೆ ಇದ್ದವರು, ಬಸುರಿ ಬಾಣಂತಿಯರು ಬೇಡ. ಯೆಶಾಯ 58 ಓದಿ, ಹಸಿದವರಿಗೆ ಅನ್ನ ಹಂಚುವುದನ್ನೇ ದೇವರು ಅಲ್ಲಿ ಉಪವಾಸ ಎಂದಿದ್ದಾನೆ.

ಕನಸಿನಲ್ಲಿ ದೇವರು ಮಾತಾಡುತ್ತಾನೆಯೇ?

ಯೋಸೇಫನಿಗೆ ಮಾತಾಡಿದ್ದಾನೆ. ಆದರೆ ಜಾಸ್ತಿ ಕೆಲಸವಿದ್ದಾಗಲೂ ಕನಸು ಬೀಳುತ್ತದೆ ಎಂದು ಪ್ರಸಂಗಿಯ ಗ್ರಂಥದಲ್ಲಿದೆ. ಕನಸಿನ ಮೇಲೆ ಬದುಕು ಕಟ್ಟಬೇಡಿ.

ವರ್ಷಗಳಿಂದ ಕೇಳುತ್ತಿದ್ದೇನೆ. ದೇವರು ಸುಮ್ಮನಿದ್ದಾನೆ. ನನ್ನಲ್ಲೇ ದೋಷವಿದೆಯೇ?

ಇದನ್ನು ಕೇಳುವವರು ಚಹಾ ಮುಗಿದು ಎಲ್ಲರೂ ಹೋದ ಮೇಲೆ ಕೇಳುತ್ತಾರೆ, ಚಪ್ಪಲಿ ಹಾಕಿಕೊಳ್ಳುತ್ತಾ. ದಯವಿಟ್ಟು ಇವರಿಗೆ "ನಿಮ್ಮ ನಂಬಿಕೆ ಕಡಿಮೆ" ಎಂದು ಯಾರೂ ಹೇಳಬೇಡಿ.

ಯೋಬನು ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ಅಧ್ಯಾಯದ ಮೇಲೆ ಅಧ್ಯಾಯ ಕೂಗುತ್ತಾನೆ. ದೇವರು ಅವನೊಡನೆ ಮಾತಾಡುವುದು 38ನೇ ಅಧ್ಯಾಯದಲ್ಲಿ. ಅಷ್ಟರವರೆಗೆ ಮಾತಾಡಿದ್ದು ಸ್ನೇಹಿತರು, ಅದೂ ತಪ್ಪು ತಪ್ಪಾಗಿ. "ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ?" ಎಂದು 13ನೇ ಕೀರ್ತನೆ ಕೇಳುತ್ತದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರವೂ ಇಲ್ಲ. ಅದನ್ನೂ ದೇವರ ವಾಕ್ಯವೆಂದೇ ಇಟ್ಟುಕೊಂಡಿದ್ದೇವೆ. ಶಿಲುಬೆಯ ಮೇಲೆ ಯೇಸುಸ್ವಾಮಿಯೇ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಎಂದು ಕೂಗಿದಾಗ ಆಕಾಶದಿಂದ ಉತ್ತರ ಬರಲಿಲ್ಲ. ಆ ಮೌನ ಸ್ವಾಮಿಗೂ ಗೊತ್ತು.

ಪ್ರವಾದಿ ಎಲೀಯನನ್ನು ನೋಡಿ (1 ಅರಸುಗಳು 19). ಬೆಂಕಿ, ಭೂಕಂಪ, ಬಿರುಗಾಳಿಯ ಆಮೇಲೆ ಮೆಲ್ಲನೆಯ ಸ್ವರ ಬಂತೆಂದು ಎಲ್ಲರೂ ಪ್ರಸಂಗ ಮಾಡುತ್ತಾರೆ. ಅದಕ್ಕೂ ಮುಂಚೆ ನಡೆದದ್ದನ್ನು ಬಿಟ್ಟುಬಿಡುತ್ತಾರೆ. ಸಾಕು, ಸಾಯುತ್ತೇನೆ ಎಂದು ಗಿಡದ ಕೆಳಗೆ ಮಲಗಿದ್ದವನಿಗೆ ದೇವರು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ. ದೂತನು ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನಿಸಿದ. ಸ್ವರ ಕೇಳಿಸಿದ್ದು ಅದಾಗಿ 40 ದಿನದ ಮೇಲೆ. ನಿಮ್ಮ ಮೌನದ ದಿನಗಳಲ್ಲಿ ಯಾರು ರೊಟ್ಟಿ ತಂದುಕೊಟ್ಟರು ಎಂದು ನೆನಪು ಮಾಡಿಕೊಳ್ಳಿ.

ಸ್ವರ ಕೇಳಿಸಿತು ಎಂದಿಟ್ಟುಕೊಳ್ಳೋಣ. ಆಮೇಲೆ?

ಮಾಡಬೇಕು. ಅಷ್ಟೇ. ಕೇಳಿ ಸುಮ್ಮನಾಗುವವರು ತಮ್ಮನ್ನು ತಾವೇ ಮೋಸ ಮಾಡಿಕೊಳ್ಳುತ್ತಾರೆ ಎಂದು ಯಾಕೋಬನು ಬರೆದಿದ್ದಾನೆ (ಯಾಕೋಬ 1:22).

ನನ್ನ ತವರಿನ ಹೊಲ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರದ ದುಡ್ಡು ಬಂದಾಗ ನಾನೂ ಪಾಲು ಕೇಳಿದೆ. ಕೇಳಿದ್ದು ತಪ್ಪಲ್ಲ. ಆದರೆ ಅಂಗಳದಲ್ಲಿ ನಿಂತು, ನೆಂಟರ ಎದುರಿಗೆ, ತಮ್ಮನಿಗೆ ಆಡಬಾರದ ಮಾತು ಆಡಿದೆ. ನಾಲ್ಕು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಆ ನಾಲ್ಕು ವರ್ಷವೂ ನಾನು ಗುರುವಾರದ ಪ್ರಾರ್ಥನೆ ನಡೆಸಿದ್ದೇನೆ. ನಿನ್ನ ಸ್ವರ ಕೇಳಿಸು ಸ್ವಾಮಿ ಎಂದು ಅತ್ತಿದ್ದೇನೆ.

ಮತ್ತಾಯ 5:23ನ್ನು ಎಷ್ಟೋ ಸಲ ಓದಿದ್ದೆ. ಕಾಣಿಕೆ ತಂದಾಗ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು ಎಂಬ ಮಾತು. ನನಗೆ ಅವನ ಮೇಲೆ ಸಿಟ್ಟಿದ್ದರೆ ಕ್ಷಮಿಸಬೇಕು ಎಂದು ಅರ್ಥ ಮಾಡಿಕೊಂಡಿದ್ದೆ. ಕ್ಷಮಿಸಿದ್ದೇನೆ ಎಂದೂ ಹೇಳಿಕೊಂಡಿದ್ದೆ. ಒಂದು ಬೆಳಗ್ಗೆ ಅದನ್ನೇ ನಿಧಾನವಾಗಿ ಓದಿದಾಗ ಕಣ್ಣಿಗೆ ಬಿತ್ತು. ಅಲ್ಲಿ ಬರೆದಿರುವುದು ಬೇರೆ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು ಇದೆ. ಅವನಿಗೆ, ನನ್ನ ಮೇಲೆ. ಹೊಸ ಸ್ವರ ಬೇಡುತ್ತಿದ್ದೆ, ಹಳೆಯದಕ್ಕೇ ಕಿವಿ ಕೊಟ್ಟಿರಲಿಲ್ಲ.

ಅವತ್ತೇ ಬಸ್ ಹತ್ತಿದೆ. ತಮ್ಮ ಕಟ್ಟೆಯ ಮೇಲೆ ಕೂತಿದ್ದ. "ಈಗ್ಯಾಕ ಬಂದಿ ಅಕ್ಕಾ?" ಎಂದ. ಆಡಿದ ಮಾತಿಗೆ ತಪ್ಪಾಯಿತು ಎಂದೆ. ಅವನು ಏನೂ ಹೇಳಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟ. ಅವತ್ತು ಅಷ್ಟೇ ಆದದ್ದು. ಸರಿಯಾಗಿ ಮಾತು ಶುರುವಾಗಲು ಇನ್ನೂ ತಿಂಗಳುಗಳು ಬೇಕಾದವು.

ದೇವರ ಮಾತು ನಂಬಿ ಮಾತ್ರೆ ಬಿಡಬಹುದೇ? ಕಿವಿಯಲ್ಲಿ ಹೆದರಿಸುವ ಸ್ವರಗಳು ಕೇಳಿಸಿದರೆ?

ಮಾತ್ರೆ ಬಿಡಬೇಡಿ. ಸುವಾರ್ತೆ ಬರೆದ ಲೂಕನನ್ನು ಪೌಲನು ಪ್ರಿಯ ವೈದ್ಯ ಎಂದು ಕರೆದಿದ್ದಾನೆ (ಕೊಲೊಸ್ಸೆ 4:14). ಪ್ರಾರ್ಥನೆಯೂ ಇರಲಿ, ಮದ್ದೂ ಇರಲಿ.

ನಿನ್ನನ್ನು ನೀನು ನೋಯಿಸಿಕೋ, ಬೇರೆಯವರನ್ನು ನೋಯಿಸು ಎನ್ನುವ ಸ್ವರ, ನಿದ್ದೆ ಕೊಡದೆ ಕಾಡುವ ಸ್ವರ ಕೇಳಿಸಿದರೆ ಅದು ಚಿಕಿತ್ಸೆ ಇರುವ ಕಾಯಿಲೆ ಆಗಿರಬಹುದು. ನಾಚಿಕೆ ಬೇಡ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರು ಇದನ್ನು ದೆವ್ವ ಎಂದು ಹೊಡೆಯುವುದು, ಕಟ್ಟಿಹಾಕುವುದು ಪಾಪ.

ನಾನು ಕ್ರೈಸ್ತನಲ್ಲ. ಆದರೂ ಇದನ್ನೆಲ್ಲ ಓದಬೇಕು ಅನ್ನಿಸುತ್ತದೆ.

ಓದಿ. ಬಸವನ ಬಾಗೇವಾಡಿ, ಕೂಡಲಸಂಗಮ ಇರುವ ನೆಲ ನಮ್ಮದು. ಹೊರಗಿನ ಆಚಾರಕ್ಕಿಂತ ಒಳಗಿನ ಮನಸ್ಸು ಮುಖ್ಯ ಎಂಬುದನ್ನು ಇಲ್ಲಿಯ ಜನಕ್ಕೆ ಹೊಸದಾಗಿ ಹೇಳಬೇಕಿಲ್ಲ. ನಾನು ಯೇಸುಸ್ವಾಮಿಯನ್ನು ನಂಬಿದವಳು, ಅವನಲ್ಲೇ ದೇವರ ಮಾತು ಮೈ ತಳೆದು ಬಂತು ಎಂದು ನಂಬುತ್ತೇನೆ. ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಮೇಲೆ ಹೇರುವುದೂ ಇಲ್ಲ. ತಟ್ಟುವವನು ಬಾಗಿಲು ಒಡೆಯುವುದಿಲ್ಲವಲ್ಲ.

ಗುರುವಾರ ನಾನೂ ಬರಬಹುದೇ? ಏನು ತರಬೇಕು?

ಏನೂ ತರಬೇಡಿ. ಸತ್ಯವೇದ ಇಲ್ಲದಿದ್ದರೆ ಇಲ್ಲಿ ನಾಲ್ಕೈದು ಇವೆ. ಹಾಡಲು ಬಾರದಿದ್ದರೆ ಕೇಳುತ್ತಾ ಕೂತರೆ ಸಾಕು, ಯಾರೂ ಸಾಕ್ಷಿ (ನಂಬಿಕೆಯ ಅನುಭವ) ಹೇಳು ಎಂದು ಎಬ್ಬಿಸುವುದಿಲ್ಲ. ಹತ್ತು ನಿಮಿಷ ಮೌನ ಇರುತ್ತದೆ, ಗಾಬರಿಯಾಗಬೇಡಿ. ಮಗ್ಗದ ಕೆಲಸ ಮುಗಿಸಿ ತಡವಾಗಿ ಬರುವವರೂ ಇದ್ದಾರೆ. ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂರುವವನು ನನ್ನ ತಮ್ಮ. ಸರಿದು ಜಾಗ ಮಾಡಿಕೊಡುತ್ತಾನೆ.